ಕಣ್ಣು ಒಂದು ಅಮಾನತ್: ನೇತ್ರವೈದ್ಯ ಅಮ್ಮಾರ್ ಅಲ್ ಮೌಸಿಲಿ

ಅಲ್ಲಾಹನು ಮಾನವನಿಗೆ ದಯಪಾಲಿಸಿರುವ ಅನುಗ್ರಹಗಳಲ್ಲಿ ದೃಷ್ಟಿಯೂ ಒಂದು. ಅದು ಚೆನ್ನಾಗಿರುವಷ್ಟು ದಿನ ಅದರ ಬೆಲೆ ನಮಗೆ ತಿಳಿಯುವುದಿಲ್ಲ. ವಯಸ್ಸಾಗಿ ಕಣ್ಣಿಗೆ ಪೊರೆ ಬಂದು, ಕುರ್‌ಆನಿನ ಅಕ್ಷರಗಳು ಮಸುಕಾಗಿ, ಮೊಮ್ಮಕ್ಕಳ ಮುಖ ಗುರುತು ಸಿಗದಂತಾಗಿ, ಮಸೀದಿಯ ಮೆಟ್ಟಿಲು ಹತ್ತಲು ಇನ್ನೊಬ್ಬರ ಕೈ ಹಿಡಿಯಬೇಕಾಗಿ ಬಂದಾಗ ಮಾತ್ರ ನಾವು ಏನನ್ನು ಕಳೆದುಕೊಂಡೆವೆಂದು ಅರಿವಾಗುತ್ತದೆ. ಇಂದು ಇದಕ್ಕೆ ಸುಲಭವಾದ ಚಿಕಿತ್ಸೆಯಿದೆ. ಬೆಳಿಗ್ಗೆ ಆಸ್ಪತ್ರೆಗೆ ಹೋದ ವೃದ್ಧರು ಹಲವು ಸಲ ಅದೇ ಸಂಜೆ ಮನೆಗೆ ಮರಳುತ್ತಾರೆ.

ಆದರೆ ಸಾವಿರ ವರ್ಷಗಳ ಹಿಂದೆ ಪರಿಸ್ಥಿತಿ ಹೀಗಿರಲಿಲ್ಲ. ಪೊರೆಯ ಚಿಕಿತ್ಸೆಯೆಂದರೆ ರೋಗಿಗೂ ವೈದ್ಯನಿಗೂ ದೊಡ್ಡ ಪರೀಕ್ಷೆಯಾಗಿತ್ತು. ಆ ಕಾಲದಲ್ಲಿ ಒಬ್ಬ ವೈದ್ಯರು ರೋಗಿಯೊಬ್ಬನ ಕಷ್ಟವನ್ನು ಕಿವಿಗೊಟ್ಟು ಕೇಳಿ, ಅವನಿಗೆ ಒಗ್ಗುವ ದಾರಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿದರು. ಆ ಒಂದು ಘಟನೆ ನೇತ್ರವೈದ್ಯದ ಇತಿಹಾಸದಲ್ಲಿ ಉಳಿಯಿತು. ಅವರೇ ಅಮ್ಮಾರ್ ಬಿನ್ ಅಲಿ ಅಲ್ ಮೌಸಿಲಿ.

ಕಹ್ಹಾಲರ ಪರಂಪರೆ

ಅರಬಿಯಲ್ಲಿ ಕಣ್ಣಿನ ವೈದ್ಯನನ್ನು ಕಹ್ಹಾಲ್ ಎಂದು ಕರೆಯುತ್ತಿದ್ದರು. ಕುಹ್ಲ್ ಎಂದರೆ ಸುರ್ಮಾ. ಸುರ್ಮಾ ಹಚ್ಚುವವನು ಎಂಬ ಮೂಲಾರ್ಥದಿಂದ ಆ ಹೆಸರು ಬಂದಿತ್ತಾದರೂ ಕಹ್ಹಾಲರ ಕೆಲಸ ಸುರ್ಮಾದಷ್ಟಕ್ಕೆ ನಿಂತಿರಲಿಲ್ಲ. ಬಿಸಿಲು, ಧೂಳು ಮತ್ತು ನೊಣಗಳ ಕಾಟವಿದ್ದ ಇರಾಕ್, ಸಿರಿಯಾ ಹಾಗೂ ಈಜಿಪ್ಟ್‌ಗಳಲ್ಲಿ ಕಣ್ಣುಬೇನೆ ಮನೆಮನೆಯ ಸಂಕಟವಾಗಿತ್ತು. ಆದ್ದರಿಂದಲೇ ವೈದ್ಯಶಾಸ್ತ್ರದ ಬೇರೆ ಶಾಖೆಗಳಿಗಿಂತ ಮೊದಲೇ ನೇತ್ರವೈದ್ಯವು ಮುಸ್ಲಿಮ್ ನಾಡುಗಳಲ್ಲಿ ಒಂದು ಸ್ವತಂತ್ರ ವಿದ್ಯೆಯಾಗಿ ಬೆಳೆಯಿತು.

ಈ ವಿದ್ಯೆಗೆ ಅರಬಿಯಲ್ಲಿ ಬುನಾದಿ ಹಾಕಿದವರು ಬಗ್ದಾದಿನ ಹುನೈನ್ ಬಿನ್ ಇಸ್‌ಹಾಕ್ (808-873). ಅವರು ಕ್ರೈಸ್ತರಾಗಿದ್ದರು. ಗ್ರೀಕ್ ವೈದ್ಯಗ್ರಂಥಗಳನ್ನು ಅರಬಿಗೆ ತಂದುದಲ್ಲದೆ, ಕಣ್ಣಿನ ಕುರಿತು ಹತ್ತು ಪ್ರಬಂಧಗಳ ಗ್ರಂಥವೊಂದನ್ನು ಸ್ವತಃ ರಚಿಸಿದರು. ಮುಸ್ಲಿಮ್ ವೈದ್ಯರು ಅದನ್ನು ತಲೆಮಾರುಗಳವರೆಗೆ ಪಠ್ಯವಾಗಿ ಓದಿದರು. ಜ್ಞಾನವು ಯಾರ ಕೈಯಿಂದ ಬಂದರೂ ಅದನ್ನು ಗೌರವದಿಂದ ಸ್ವೀಕರಿಸುವ ವಿಶಾಲ ಮನಸ್ಸು ಆ ಕಾಲದ ಸಮಾಜಕ್ಕಿತ್ತು ಎಂಬುದಕ್ಕೆ ಇದು ಒಂದು ಉತ್ತಮ ನಿದರ್ಶನ. ಇಂಥ ಪರಂಪರೆಯಲ್ಲಿ, ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಅಮ್ಮಾರ್ ಬೆಳೆದು ಬಂದರು.

ಮೌಸಿಲ್‌ನಿಂದ ಹೊರಟ ಪಯಣ

ಅವರ ಹುಟ್ಟೂರು ಉತ್ತರ ಇರಾಕಿನಲ್ಲಿ ಟೈಗ್ರಿಸ್ ನದಿಯ ದಡದಲ್ಲಿರುವ ಮೌಸಿಲ್. ಅಲ್ ಮೌಸಿಲಿ ಎಂಬ ಹೆಸರು ಬಂದುದು ಹೀಗೆ. ಆದರೆ ಅವರು ಒಂದೇ ಊರಿನಲ್ಲಿ ಕುಳಿತು ವೃತ್ತಿ ನಡೆಸಿದವರಲ್ಲ. ಪೂರ್ವದಲ್ಲಿ ಖುರಾಸಾನ್, ಉತ್ತರದಲ್ಲಿ ದಿಯಾರ್‌ಬಕ್ರ್, ಪಶ್ಚಿಮದಲ್ಲಿ ಫೆಲೆಸ್ತೀನ್ ಮತ್ತು ಈಜಿಪ್ಟ್ ಹೀಗೆ ದೀರ್ಘ ಪ್ರಯಾಣ ಮಾಡಿದರು. ಹೋದಲ್ಲೆಲ್ಲ ರೋಗಿಗಳನ್ನು ನೋಡಿದರು, ಶಸ್ತ್ರಚಿಕಿತ್ಸೆ ಮಾಡಿದರು, ಕಂಡದ್ದನ್ನು ನೆನಪಿನಲ್ಲಿಟ್ಟುಕೊಂಡರು. ವಿದ್ಯೆಗಾಗಿ ಊರು ಬಿಡುವುದು ಆ ಕಾಲದ ವಿದ್ವಾಂಸರಿಗೆ ಹೊಸತೇನಲ್ಲ. ಹದೀಸ್ ಸಂಗ್ರಹಕಾರರು ಒಂದು ಹದೀಸ್‌ಗಾಗಿ ತಿಂಗಳುಗಟ್ಟಲೆ ಪ್ರಯಾಣ ಮಾಡುತ್ತಿದ್ದರು. ಅಮ್ಮಾರ್ ಅವರ ಪಾಲಿಗೆ ರೋಗಿಗಳ ಕಣ್ಣುಗಳೇ ಗ್ರಂಥಗಳಾದವು.

ಆದರೆ ಊರೂರು ತಿರುಗುವ ಕಣ್ಣುವೈದ್ಯರೆಂದರೆ ಆಗ ಜನರಿಗೆ ಅಷ್ಟೊಂದು ನಂಬಿಕೆಯಿರಲಿಲ್ಲ. ಅದಕ್ಕೆ ಕಾರಣವೂ ಇತ್ತು. ಪೊರೆಯನ್ನು ಸರಿಸಿದ ತಕ್ಷಣ ರೋಗಿಗೆ ಬೆಳಕು ಕಾಣುತ್ತದೆ. ಮನೆಯವರು ಸಂತೋಷದಿಂದ ಹಣ ಕೊಡುತ್ತಾರೆ. ಕೆಲವು ದಿನಗಳಲ್ಲಿ ಕಣ್ಣು ಕೆಂಪಾಗಿ, ಕೀವಾಗಿ, ಇದ್ದ ದೃಷ್ಟಿಯೂ ಹೋಗುವ ಹೊತ್ತಿಗೆ ವೈದ್ಯ ಮುಂದಿನ ಊರು ಸೇರಿರುತ್ತಾನೆ. ಹನ್ನೆರಡನೆಯ ಶತಮಾನದಲ್ಲಿ ಸಿರಿಯಾದ ಅಶ್ಶೈಝರಿ ಎಂಬವರು ಮಾರುಕಟ್ಟೆಯ ಮೇಲ್ವಿಚಾರಕನಾದ ಮುಹ್ತಸಿಬನಿಗಾಗಿ ಒಂದು ಕೈಪಿಡಿ ಬರೆದರು. ಅದರಲ್ಲಿ ಕಹ್ಹಾಲರನ್ನು ಹುನೈನರ ಗ್ರಂಥದ ಆಧಾರದಲ್ಲಿ ಪರೀಕ್ಷಿಸಬೇಕು, ಕಣ್ಣಿನ ರಚನೆ, ರೋಗಗಳು ಮತ್ತು ಔಷಧಿಗಳ ಅರಿವಿದ್ದವರಿಗೆ ಮಾತ್ರ ವೃತ್ತಿಗೆ ಅನುಮತಿ ಕೊಡಬೇಕು ಎಂದು ವಿಧಿಸಿದ್ದಾರೆ. ಬೀದಿಯಲ್ಲಿ ಕುಳಿತು ಕಣ್ಣಿಗೆ ಚಿಕಿತ್ಸೆ ಮಾಡುವವರಲ್ಲಿ ಹೆಚ್ಚಿನವರನ್ನು ನಂಬುವಂತಿಲ್ಲವೆಂದೂ ಎಚ್ಚರಿಸಿದ್ದಾರೆ. ವೈದ್ಯವಿದ್ಯೆ ಅರಿಯದವನು ಚಿಕಿತ್ಸೆ ಮಾಡಿ ಹಾನಿಯಾದರೆ ಆ ಹಾನಿಗೆ ಅವನೇ ಹೊಣೆ ಎಂಬುದು ಇಸ್ಲಾಮೀ ಕರ್ಮಶಾಸ್ತ್ರದ ನಿಯಮವೂ ಹೌದು.

ಅಮ್ಮಾರ್ ಕೂಡ ಸಂಚಾರಿ ವೈದ್ಯರೇ. ಆದರೆ ಅವರು ಎಂಥ ಸಂಚಾರಿಯಾಗಿದ್ದರು ಎಂಬುದನ್ನು ಅವರ ನಡತೆಯಿಂದಲೇ ತಿಳಿಯಬೇಕು.

ಅಂದಿನ ಶಸ್ತ್ರಚಿಕಿತ್ಸೆ

ನಮ್ಮ ಮನೆಗಳಲ್ಲಿ ಹಿರಿಯರು ಮೋತಿಯಾಬಿಂದು ಎನ್ನುವ ಈ ರೋಗವನ್ನು ಅರಬರು ನೀರು ಎಂದು ಕರೆಯುತ್ತಿದ್ದರು. ತಲೆಯಿಂದ ಒಂದು ಬಗೆಯ ದ್ರವ ಕಣ್ಣಿಗೆ ಇಳಿದು, ಕಣ್ಣಪಾಪೆಯ ಹಿಂದೆ ಹೆಪ್ಪುಗಟ್ಟಿ ದೃಷ್ಟಿಯನ್ನು ತಡೆಯುತ್ತದೆ ಎಂಬುದು ಗ್ರೀಕರಿಂದ ಬಂದ ತಿಳುವಳಿಕೆ. ವಾಸ್ತವದಲ್ಲಿ ಮಸುಕಾಗುವುದು ಕಣ್ಣಿನೊಳಗಿನ ಮಸೂರವೇ. ಅದನ್ನು 1705ರಲ್ಲಿ ಫ್ರಾನ್ಸಿನ ಬ್ರಿಸ್ಸೋ ಎಂಬ ವೈದ್ಯರು ಮೃತದೇಹವೊಂದರ ಕಣ್ಣನ್ನು ಸೀಳಿ ನೋಡಿ ತೋರಿಸಿದರು. ತಮ್ಮ ಕಾಲದ ಇತರ ವೈದ್ಯರಂತೆ ಅಮ್ಮಾರ್ ಕೂಡ ಹಳೆಯ ತಿಳುವಳಿಕೆಯನ್ನೇ ಇಟ್ಟುಕೊಂಡಿದ್ದರು.

ಪೊರೆಗೆ ಆಗ ಇದ್ದ ಚಿಕಿತ್ಸೆ ಒಂದೇ. ನಮ್ಮ ದೇಶದ ಸುಶ್ರುತ ಸಂಹಿತೆಯಲ್ಲೂ ಅದರ ವಿವರಣೆಯಿದೆ. ಕಣ್ಣಿನ ಬಿಳಿಭಾಗದಲ್ಲಿ ಸೂಜಿ ಚುಚ್ಚಿ, ಪಾಪೆಯ ಹಿಂದಿರುವ ಪೊರೆಯನ್ನು ಮೆಲ್ಲನೆ ಕೆಳಕ್ಕೆ ಒತ್ತಿ ಕೂರಿಸುವುದು. ಪೊರೆ ಕಣ್ಣಿನಿಂದ ಹೊರಗೆ ಬರುವುದಿಲ್ಲ, ದಾರಿಯಿಂದ ಸರಿಯುತ್ತದೆ ಅಷ್ಟೆ. ರೋಗಿಯನ್ನು ಬೆಳಕಿಗೆ ಮುಖಮಾಡಿ ಕೂರಿಸಿ, ಇನ್ನೊಂದು ಕಣ್ಣಿಗೆ ಪಟ್ಟಿ ಕಟ್ಟುತ್ತಿದ್ದರು. ಸಹಾಯಕನೊಬ್ಬ ತಲೆಯನ್ನು ಅಲುಗದಂತೆ ಹಿಡಿಯುತ್ತಿದ್ದನು. ಬಲಗಣ್ಣಿಗೆ ಎಡಗೈಯಿಂದ, ಎಡಗಣ್ಣಿಗೆ ಬಲಗೈಯಿಂದ ಸೂಜಿ ನಡೆಸಬೇಕಾದುದರಿಂದ ವೈದ್ಯನಿಗೆ ಎರಡೂ ಕೈಗಳು ಪಳಗಿರಬೇಕಿತ್ತು. ನೋವು ತಿಳಿಯದಂತೆ ಕಣ್ಣಿಗೆ ಬಿಡುವ ಇಂದಿನ ಔಷಧಿಗಳು ಆಗ ಇರಲಿಲ್ಲ.

ಸೂಜಿಯ ನೋವು ಸ್ವಲ್ಪ ಹೊತ್ತಿನದು. ನಿಜವಾದ ಕಷ್ಟ ಅನಂತರದ್ದು. ಕೆಳಕ್ಕೆ ಕೂರಿಸಿದ ಪೊರೆ ಮತ್ತೆ ಮೇಲೇಳುವ ಅಪಾಯವಿತ್ತು. ಆದ್ದರಿಂದ ರೋಗಿಯು ಎರಡೂ ಕಣ್ಣುಗಳಿಗೆ ಪಟ್ಟಿ ಕಟ್ಟಿಸಿಕೊಂಡು, ಕತ್ತಲೆ ಕೋಣೆಯಲ್ಲಿ, ದಿನಗಟ್ಟಲೆ ಅಂಗಾತ ಮಲಗಿರಬೇಕಾಗಿತ್ತು. ತಲೆ ಅಲುಗಿಸಬಾರದು, ಕೆಮ್ಮಬಾರದು, ಸೀನಬಾರದು. ಊಟವೂ ಹಗುರವಾಗಿರಬೇಕು. ಒಂದು ಕೆಮ್ಮು ಬಂದರೂ ಪಟ್ಟ ಕಷ್ಟವೆಲ್ಲ ವ್ಯರ್ಥವಾಗಬಹುದಿತ್ತು. ಆರೋಗ್ಯವಂತನಿಗೇ ಇದು ಕಠಿಣ. ಹೀಗಿರುವಾಗ ದಮ್ಮು ಕಟ್ಟುವ, ಬೆನ್ನು ಬಾಗಿದ, ಮೈಕೈ ನೋವಿನಿಂದ ಒಂದೇ ಮಗ್ಗುಲಲ್ಲಿ ಮಲಗಲಾರದ ವೃದ್ಧರ ಗತಿಯೇನು? ಅಂಥವರಿಗೆ ಕುರುಡುತನವೇ ಕೊನೆಯಾಗುತ್ತಿತ್ತು.

ಟಿಬೇರಿಯಾಸಿನ ರೋಗಿ

ಅಮ್ಮಾರ್ ಈ ಹಳೆಯ ವಿಧಾನದಲ್ಲಿ ಪಳಗಿದವರು. ಆದರೆ ಅದರಲ್ಲಿಯೇ ತೃಪ್ತರಾಗಿ ಕೂರಲಿಲ್ಲ. ಪೊರೆಯನ್ನು ಕಣ್ಣಿನೊಳಗೇ ಒತ್ತಿ ಬಿಡುವ ಬದಲು ಅದನ್ನು ಹೊರಗೆ ತೆಗೆದರೆ ಅದು ಮತ್ತೆ ಮೇಲೇಳುವ ಪ್ರಶ್ನೆಯೇ ಇಲ್ಲವಲ್ಲ ಎಂಬ ದಿಕ್ಕಿನಲ್ಲಿ ಅವರ ಕೆಲಸ ಸಾಗಿತು. ಅವರು ಲೋಹದ ಒಂದು ಪೊಳ್ಳು ಸೂಜಿಯನ್ನು ಮಾಡಿದರು. ಸೂಜಿ ಕಣ್ಣಿನೊಳಗೆ ಪೊರೆಯನ್ನು ತಲುಪಿದ ಮೇಲೆ, ಅದರ ಕೊಳವೆಯ ಮೂಲಕ ಪೊರೆಯನ್ನು ಹೀರಿ ಹೊರತೆಗೆಯುವುದು ಅದರ ಉದ್ದೇಶ. ಗಾಜಿನ ಕೊಳವೆಯಿಂದ ಹೀರುವ ಪ್ರಯತ್ನದ ಪ್ರಸ್ತಾಪ ಅದಕ್ಕಿಂತ ಹಿಂದಿನ ಗ್ರಂಥಗಳಲ್ಲಿ ಬಂದಿದ್ದರೂ, ಲೋಹದ ಪೊಳ್ಳು ಸೂಜಿಯಿಂದ ಸ್ವತಃ ತಾವೇ ಮಾಡಿದ ಶಸ್ತ್ರಚಿಕಿತ್ಸೆಯನ್ನು ವಿವರವಾಗಿ ಬರೆದಿಟ್ಟವರು ಅಮ್ಮಾರ್.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಸೂಜಿ ಸಿದ್ಧವಾಯಿತೆಂದು ಅವರು ಸಿಕ್ಕಸಿಕ್ಕವರ ಕಣ್ಣಿನಲ್ಲಿ ಅದನ್ನು ಪ್ರಯೋಗಿಸಲಿಲ್ಲ. ಹೆಸರು ಗಳಿಸುವ ಆತುರ ತೋರಲಿಲ್ಲ. ಫೆಲೆಸ್ತೀನಿನ ಟಿಬೇರಿಯಾಸ್ ಪಟ್ಟಣಕ್ಕೆ ಬರುವವರೆಗೂ ಆ ಸೂಜಿ ಯಾರ ಕಣ್ಣನ್ನೂ ಮುಟ್ಟಲಿಲ್ಲ.

ಟಿಬೇರಿಯಾಸಿನಲ್ಲಿ ಒಬ್ಬ ರೋಗಿ ಅವರ ಬಳಿಗೆ ಬಂದನು. ತನ್ನ ಕಣ್ಣಿಗೆ ಏನು ಬೇಕಾದರೂ ಮಾಡಬಹುದು, ಆದರೆ ಅಂಗಾತ ಮಲಗಿರಲು ಮಾತ್ರ ತನ್ನಿಂದ ಸಾಧ್ಯವಿಲ್ಲ ಎಂದು ತಿಳಿಸಿದನು. ಬೇರೆ ವೈದ್ಯನಾಗಿದ್ದರೆ ಎರಡರಲ್ಲಿ ಒಂದನ್ನು ಮಾಡುತ್ತಿದ್ದನು. ಹಾಗಾದರೆ ಚಿಕಿತ್ಸೆ ಸಾಧ್ಯವಿಲ್ಲವೆಂದು ವಾಪಸು ಕಳುಹಿಸುತ್ತಿದ್ದನು. ಇಲ್ಲವೇ ಮಲಗಬೇಕಾದದ್ದು ನಿನ್ನ ಹೊಣೆ, ನನ್ನ ಕೆಲಸ ಸೂಜಿ ಹಾಕುವುದು ಎಂದು ಹೇಳಿ, ಫಲ ಕೆಟ್ಟರೆ ತಪ್ಪನ್ನು ರೋಗಿಯ ತಲೆಗೆ ಕಟ್ಟುತ್ತಿದ್ದನು. ಅಮ್ಮಾರ್ ಇವೆರಡನ್ನೂ ಮಾಡಲಿಲ್ಲ. ರೋಗಿಯ ಮಾತನ್ನು ನಂಬಿದರು. ಇವನಿಗೆ ಹಳೆಯ ವಿಧಾನ ಒಗ್ಗುವುದಿಲ್ಲ, ಹೊಸ ಸೂಜಿಗೆ ಇದೇ ತಕ್ಕ ಸಂದರ್ಭ ಎಂದು ನಿರ್ಧರಿಸಿದರು.

ಪೊಳ್ಳು ಸೂಜಿಯಿಂದ ಪೊರೆಯನ್ನು ಹೊರತೆಗೆದರು. ರೋಗಿಗೆ ಕೂಡಲೇ ಕಂಡಿತು. ಅವನು ಅಂಗಾತ ಮಲಗಬೇಕಾಗಿ ಬರಲಿಲ್ಲ. ತನಗೆ ಹೇಗೆ ಅನುಕೂಲವೋ ಹಾಗೆ ನಿದ್ರಿಸಿದನು. ಅಮ್ಮಾರ್ ಅವನ ಕಣ್ಣಿಗೆ ಏಳು ದಿನಗಳ ಕಾಲ ಪಟ್ಟಿ ಕಟ್ಟಿದರು. ಅನಂತರ ಈಜಿಪ್ಟ್‌ನಲ್ಲಿ ಅದೇ ಸೂಜಿಯಿಂದ ಹಲವರಿಗೆ ಶಸ್ತ್ರಚಿಕಿತ್ಸೆ ಮಾಡಿದರು.

ಏಳು ದಿನ ಎಂಬುದು ಸಣ್ಣ ಮಾತಲ್ಲ. ಕಣ್ಣು ಕಂಡಿತೆಂದು ಹಣ ಪಡೆದು ಮರುದಿನವೇ ಗಂಟುಮೂಟೆ ಕಟ್ಟುವ ಸಂಚಾರಿ ವೈದ್ಯನಿಗೂ, ದೃಷ್ಟಿ ಬಂದ ಮೇಲೂ ಏಳು ದಿನ ಪಟ್ಟಿ ಕಟ್ಟಿ ಕಾಪಾಡುವ ವೈದ್ಯನಿಗೂ ಇರುವ ವ್ಯತ್ಯಾಸ ಅದರಲ್ಲಿದೆ.

ಈಜಿಪ್ಟ್‌ನಲ್ಲಿ ಗ್ರಂಥರಚನೆ

ಟಿಬೇರಿಯಾಸಿನಿಂದ ಮುಂದೆ ಈಜಿಪ್ಟ್ ತಲುಪಿದ ಅಮ್ಮಾರ್ ಅಲ್ಲಿಯೇ ನೆಲೆಸಿದರು. ಆಗ ಅಲ್ಲಿ ಫಾತಿಮೀ ದೊರೆ ಅಲ್ ಹಾಕಿಮ್‌ನ ಆಡಳಿತವಿತ್ತು (ಹಿಜರಿ 386-411, ಕ್ರಿ.ಶ. 996-1021). ದೊರೆಯ ಸ್ವಭಾವ ಕಠೋರವೂ ಚಂಚಲವೂ ಆಗಿತ್ತೆಂದು ಇತಿಹಾಸಕಾರರು ಬರೆಯುತ್ತಾರೆ. ಆದರೂ ಅವನ ಕಾಲದ ಕೈರೋ ವಿದ್ವಾಂಸರನ್ನು ಆಕರ್ಷಿಸಿತ್ತು. 1005ರಲ್ಲಿ ಅಲ್ಲಿ ದಾರುಲ್ ಇಲ್ಮ್ ಎಂಬ ವಿದ್ಯಾಸಂಸ್ಥೆ ಆರಂಭವಾಯಿತು. ಬೆಳಕು ವಸ್ತುವಿನಿಂದ ಕಣ್ಣಿಗೆ ಬರುತ್ತದೆ, ಕಣ್ಣಿನಿಂದ ಕಿರಣ ಹೊರಡುವುದಿಲ್ಲ ಎಂದು ಸಾಧಿಸಿ ತೋರಿಸಿದ ಇಬ್ನುಲ್ ಹೈಸಮ್ ಕೂಡ ಇರಾಕಿನಿಂದ ಇದೇ ದೊರೆಯ ಕಾಲದಲ್ಲಿ ಈಜಿಪ್ಟ್‌ಗೆ ಬಂದವರು. ಇರಾಕಿನಿಂದ ಬಂದ ಒಬ್ಬರು ದೃಷ್ಟಿ ಹೇಗೆ ಉಂಟಾಗುತ್ತದೆಂದು ಶೋಧಿಸಿದರು, ಇನ್ನೊಬ್ಬರು ಹೋದ ದೃಷ್ಟಿಯನ್ನು ಮರಳಿ ತರಲು ಶ್ರಮಿಸಿದರು.

ಅಮ್ಮಾರ್ ತಮ್ಮ ಗ್ರಂಥವನ್ನು ಅಲ್ ಹಾಕಿಮ್‌ಗಾಗಿ ರಚಿಸಿದರು. ಅದು ಅಲ್ ಮುಂತಖಬ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಆರಿಸಿದ್ದು ಎಂಬುದು ಆ ಪದದ ಅರ್ಥ. ಕಣ್ಣಿನ ರಚನೆಯಿಂದ ಆರಂಭಿಸಿ 48 ರೋಗಗಳನ್ನು, ಅವುಗಳ ಲಕ್ಷಣ ಮತ್ತು ಚಿಕಿತ್ಸೆಯನ್ನು ಅದರಲ್ಲಿ ವಿವರಿಸಿದ್ದಾರೆ. ಅದರ ವಿಶೇಷವೆಂದರೆ, ತಾವೇ ಮಾಡಿದ ಪೊರೆಯ ಶಸ್ತ್ರಚಿಕಿತ್ಸೆಗಳಲ್ಲಿ ಆರು ರೋಗಿಗಳ ವೃತ್ತಾಂತವನ್ನು ಅದರಲ್ಲಿ ಪ್ರತ್ಯೇಕವಾಗಿ ದಾಖಲಿಸಿರುವುದು. ಟಿಬೇರಿಯಾಸಿನ ಆ ರೋಗಿಯ ವಿಷಯ ನಮಗೆ ತಿಳಿದಿರುವುದೂ ಹೀಗೆ. ಕುಶಲಕರ್ಮಿಗಳು ತಮ್ಮ ಗುಟ್ಟನ್ನು ಮಕ್ಕಳಿಗಲ್ಲದೆ ಬೇರೆಯವರಿಗೆ ಹೇಳಿಕೊಡದ ಕಾಲದಲ್ಲಿ, ಅಮ್ಮಾರ್ ತಮ್ಮ ಹೊಸ ಉಪಕರಣದ ವಿಷಯವನ್ನು ಎಲ್ಲರೂ ಓದುವಂತೆ ಬರೆದಿಟ್ಟರು. ಜ್ಞಾನವನ್ನು ಬಚ್ಚಿಡಬಾರದೆಂಬ ಬೋಧನೆಯನ್ನು ಅವರು ಕಾರ್ಯತಃ ಪಾಲಿಸಿದರು ಎನ್ನಬಹುದು.

ಸುದ್ದಿ ಹರಡಿತು, ಸೂಜಿ ಹರಡಲಿಲ್ಲ

ಅದೇ ಕಾಲದಲ್ಲಿ ಮುಸ್ಲಿಮ್ ಜಗತ್ತಿನ ಮತ್ತೊಂದು ತುದಿಯಾದ ಸ್ಪೇನಿನ ಕೊರ್ದೋವಾದ ಬಳಿ ಮಹಾನ್ ಶಸ್ತ್ರವೈದ್ಯ ಅಝ್ಝಹ್ರಾವಿ ಇದ್ದರು. ಇರಾಕಿನಲ್ಲಿ ಪೊರೆಯನ್ನು ಹೀರುವ ಪೊಳ್ಳು ಸೂಜಿಯೊಂದು ಇದೆಯೆಂದು ಅಲ್ಲಿಂದ ಬಂದವರೊಬ್ಬರಿಂದ ಕೇಳಿದ್ದಾಗಿಯೂ, ತಮ್ಮ ನಾಡಿನಲ್ಲಿ ಅಂಥದ್ದನ್ನು ತಾವು ಕಂಡಿಲ್ಲವೆಂದೂ ಅವರು ತಮ್ಮ ಗ್ರಂಥದಲ್ಲಿ ಬರೆದಿದ್ದಾರೆ. ಯಾವುದೇ ವಾಹನ ಸೌಕರ್ಯವಿಲ್ಲದ ಆ ಕಾಲದಲ್ಲಿ ಒಂದು ಸಣ್ಣ ಸೂಜಿಯ ಸುದ್ದಿ ಇರಾಕಿನಿಂದ ಸ್ಪೇನಿನವರೆಗೆ ತಲುಪಿತ್ತು.

ಆದರೆ ಆ ವಿಧಾನ ಎಲ್ಲೆಡೆ ಬಳಕೆಗೆ ಬರಲಿಲ್ಲ. ಅದಕ್ಕೆ ಮಿತಿಗಳಿದ್ದವು. ಪೊರೆ ಮೆತ್ತಗಿದ್ದರೆ ಮಾತ್ರ ಅದನ್ನು ಹೀರಲು ಸಾಧ್ಯ. ವೃದ್ಧಾಪ್ಯದಲ್ಲಿ ಗಟ್ಟಿಯಾದ ಪೊರೆ ಅಷ್ಟು ಕಿರಿದಾದ ಕೊಳವೆಯಲ್ಲಿ ಬರುವುದಿಲ್ಲ. ಸ್ವಲ್ಪ ಹೆಚ್ಚು ಹೀರಿದರೆ ಕಣ್ಣಿನೊಳಗಿನ ದ್ರವವೂ ಹೊರಬಂದು ಕಣ್ಣೇ ಹಾಳಾಗಬಹುದು. ಗಾಯಕ್ಕೆ ನಂಜು ಏಕೆ ಆಗುತ್ತದೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ನುರಿತ ಕೈಯಲ್ಲಿ ವರವಾದ ಸೂಜಿ ಅರೆಬರೆ ಕಲಿತವನ ಕೈಯಲ್ಲಿ ಶಾಪವಾಗುತ್ತಿತ್ತು. ಅಮ್ಮಾರ್ ಅವರ ಹಿರಿಮೆ ಇದರಿಂದ ಕುಂದುವುದಿಲ್ಲ. ಹಳೆಯ ವಿಧಾನವನ್ನು ಸಹಿಸಲಾರದ ರೋಗಿ ಎದುರಿಗೆ ಬಂದಾಗ ಅವರು ಪೊಳ್ಳು ಸೂಜಿಯನ್ನು ಎತ್ತಿಕೊಂಡರು ಎಂಬುದರಲ್ಲಿಯೇ ಅವರ ವಿವೇಕವಿದೆ.

ಮರೆವು ಮತ್ತು ನೆನಪು

ಅಮ್ಮಾರ್ ಅವರ ಸಮಕಾಲೀನರಾಗಿ ಬಗ್ದಾದಿನಲ್ಲಿ ಅಲಿ ಬಿನ್ ಈಸಾ ಎಂಬ ಮತ್ತೊಬ್ಬ ಕಹ್ಹಾಲರಿದ್ದರು. ಅವರ ತಝ್ಕಿರತುಲ್ ಕಹ್ಹಾಲೀನ್ ಎಂಬ ಗ್ರಂಥ ಇನ್ನೂ ವಿಸ್ತಾರವಾದುದು, ನೂರಮೂವತ್ತಕ್ಕೂ ಮಿಕ್ಕಿ ರೋಗಗಳನ್ನು ಒಳಗೊಂಡದ್ದು. ನೂರಾರು ವರ್ಷಗಳ ಕಾಲ ವಿದ್ಯಾರ್ಥಿಗಳು ಓದಿದ್ದು ಅದನ್ನೇ. ಅದರ ಕೀರ್ತಿಯ ಮುಂದೆ ಅಮ್ಮಾರ್ ಅವರ ಚಿಕ್ಕ ಗ್ರಂಥ ಹಿಂದೆ ಬಿತ್ತು. ಆದರೂ ಅದು ಮಾಯವಾಗಲಿಲ್ಲ. ಹದಿಮೂರನೆಯ ಶತಮಾನದಲ್ಲಿ ಹೀಬ್ರೂ ಭಾಷೆಗೆ ಅನುವಾದವಾಯಿತು. ವೈದ್ಯರ ಜೀವನಚರಿತ್ರೆಗಳನ್ನು ಸಂಗ್ರಹಿಸಿದ ಇಬ್ನ್ ಅಬೀ ಉಸೈಬಿಅ ಅವರು, ಶಸ್ತ್ರದ ಕೆಲಸದಲ್ಲಿ ನುರಿತ ಪ್ರಸಿದ್ಧ ಕಹ್ಹಾಲರೆಂದು ಅಮ್ಮಾರರನ್ನು ಸ್ಮರಿಸಿದ್ದಾರೆ.

ಕೊನೆಗೆ 1905ರಲ್ಲಿ ಜರ್ಮನಿಯ ಬರ್ಲಿನಿನಲ್ಲಿ ನೇತ್ರವೈದ್ಯ ಯೂಲಿಯಸ್ ಹಿರ್ಶ್‌ಬರ್ಗ್ (1843-1925) ಅರಬಿ ಪಂಡಿತರ ನೆರವಿನಿಂದ ಅಮ್ಮಾರ್ ಅವರ ಗ್ರಂಥದ ಜರ್ಮನ್ ಅನುವಾದವನ್ನು ಪ್ರಕಟಿಸಿದರು. ಸ್ವತಃ ಪೊರೆಯ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಅವರಿಗೆ ಅಮ್ಮಾರ್ ಅವರ ಕೈಚಳಕದ ಬೆಲೆ ತಿಳಿಯಿತು. ಅರಬ್ ನೇತ್ರವೈದ್ಯರಲ್ಲೆಲ್ಲ ಹೆಚ್ಚು ಸ್ವಂತಿಕೆಯುಳ್ಳವರು ಅಮ್ಮಾರ್ ಎಂಬುದು ಅವರ ತೀರ್ಮಾನವಾಗಿತ್ತು.

ಪೊರೆಯನ್ನು ಒಳಗೇ ಒತ್ತುವ ಬದಲು ಹೊರತೆಗೆಯಬೇಕೆಂಬ ವಿಚಾರ ಮುಂದೆ ಬೇರೆ ಬೇರೆ ದಾರಿಗಳಲ್ಲಿ ಫಲಿಸಿತು. 1747ರಲ್ಲಿ ಫ್ರಾನ್ಸಿನ ಜಾಕ್ ದವಿಯೆಲ್ ಕಣ್ಣಿನ ಮುಂಭಾಗವನ್ನು ಸೀಳಿ ಮಸೂರವನ್ನು ಹೊರತೆಗೆದರು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಗಟ್ಟಿ ಪೊರೆಯನ್ನು ಶಬ್ದಾತೀತ ಕಂಪನಗಳಿಂದ ಪುಡಿಮಾಡಿ ಸಣ್ಣ ರಂಧ್ರದ ಮೂಲಕ ಹೀರಿ ತೆಗೆಯುವ ವಿಧಾನವನ್ನು ರೂಪಿಸಿದರು. ಇಂದು ನಮ್ಮ ಊರುಗಳ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಇದೇ. ಈ ವಿಧಾನದಲ್ಲೂ ಪೊರೆಯನ್ನು ಹೊರಗೆ ತರುವುದು ಒಂದು ಪೊಳ್ಳು ಸೂಜಿಯೇ. ರೋಗಿ ದಿನಗಟ್ಟಲೆ ಅಲುಗದೆ ಮಲಗಬೇಕಾಗಿಯೂ ಇಲ್ಲ. ಟಿಬೇರಿಯಾಸಿನಲ್ಲಿ ಒಬ್ಬನಿಗೆ ದೊರೆತ ಸೌಲಭ್ಯ ಇಂದು ಕೋಟ್ಯಂತರ ಜನರಿಗೆ ದೊರೆಯುತ್ತಿದೆ.

ನಮಗಿರುವ ಪಾಠ

ಅಮ್ಮಾರ್ ಅವರ ಜೀವನದಿಂದ ಮೊದಲು ಪಾಠ ಕಲಿಯಬೇಕಾದವರು ವೈದ್ಯವೃತ್ತಿಯಲ್ಲಿರುವ ನಮ್ಮ ಯುವಕ ಯುವತಿಯರು. ರೋಗಿಯ ದೇಹ ವೈದ್ಯನ ಕೈಯಲ್ಲಿರುವ ಅಮಾನತ್. ಅದನ್ನು ಮುಟ್ಟುವ ಮುನ್ನ ಕಲಿತಿರಬೇಕು. ಹೊಸ ಉಪಕರಣ ಕೈಗೆ ಬಂದಿತೆಂದು ಅದನ್ನು ಎಲ್ಲರ ಮೇಲೂ ಬಳಸಬಾರದು, ಯಾರಿಗೆ ಅದರಿಂದ ನಿಜವಾಗಿ ಉಪಕಾರವೋ ಅವರಿಗೆ ಬಳಸಬೇಕು. ರೋಗಿ ತನ್ನಿಂದಾಗದು ಎಂದಾಗ ಅದನ್ನು ಹಠವೆಂದು ತಳ್ಳಿಹಾಕದೆ, ಬೇರೆ ದಾರಿಯಿದೆಯೇ ಎಂದು ಆಲೋಚಿಸಬೇಕು. ಶುಲ್ಕ ಪಡೆದ ಮಾತ್ರಕ್ಕೆ ಹೊಣೆ ಮುಗಿಯುವುದಿಲ್ಲ, ಗಾಯ ಮಾಯುವವರೆಗೂ ಅದು ಇದ್ದೇ ಇರುತ್ತದೆ.

ವೈದ್ಯರಲ್ಲದ ನಮಗೂ ಇದರಲ್ಲಿ ಪಾಲಿದೆ. ನಮ್ಮ ಮನೆಗಳಲ್ಲಿ ಅಜ್ಜ ಅಜ್ಜಿಯರು ಕಣ್ಣು ಮಂಜಾಗಿದೆ ಎಂದಾಗ, ವಯಸ್ಸಾದ ಮೇಲೆ ಹಾಗೆಯೇ ಎಂದು ಸುಮ್ಮನಾಗುವವರಿದ್ದಾರೆ. ಶಸ್ತ್ರಚಿಕಿತ್ಸೆಗೆ ಅವರು ಹೆದರಿದರೆ, ಆ ಹೆದರಿಕೆ ಏಕೆಂದು ಕೇಳುವವರು ಕಡಿಮೆ. ಆಸ್ಪತ್ರೆಯಲ್ಲಿ ಒಬ್ಬರೇ ಇರಬೇಕೆಂಬ ಅಳುಕೋ, ಕೆಲವು ದಿನ ಕಣ್ಣಿಗೆ ನೀರು ತಾಗಿಸಬಾರದೆಂದರೆ ವುಝೂ ಹೇಗೆ, ಸುಜೂದ್ ಹೇಗೆ ಎಂಬ ಚಿಂತೆಯೋ, ಮಕ್ಕಳಿಗೆ ಖರ್ಚಾಗುತ್ತದೆಂಬ ಸಂಕೋಚವೋ ಅವರ ಮನಸ್ಸಿನಲ್ಲಿರಬಹುದು. ರೋಗಿಗೆ ಧರ್ಮವು ಕೊಟ್ಟಿರುವ ರಿಯಾಯಿತಿಗಳನ್ನು ಅವರಿಗೆ ತಿಳಿಸಿ ಹೇಳಬಹುದು. ಜೊತೆಗೆ ಹೋಗಬಹುದು. ಔಷಧಿಯ ಹನಿಗಳನ್ನು ವೇಳೆಗೆ ಸರಿಯಾಗಿ ನಾವೇ ಹಾಕಬಹುದು. ಅವರ ಮಾತನ್ನು ಪೂರ್ತಿ ಕೇಳಿದರೆ ಹೆಚ್ಚಿನ ಅಡ್ಡಿಗಳಿಗೆ ದಾರಿ ತಾನಾಗಿ ತೋರುತ್ತದೆ.

ಅಮ್ಮಾರ್ ಅವರ ಸೂಜಿ ಇಂದು ಉಳಿದಿಲ್ಲ. ಟಿಬೇರಿಯಾಸಿನ ಆ ರೋಗಿಯ ಹೆಸರೂ ಚರಿತ್ರೆಯಲ್ಲಿ ದಾಖಲಾಗಿಲ್ಲ. ಆದರೆ ಅಂಗಾತ ಮಲಗಲಾರದ ಒಬ್ಬ ಮನುಷ್ಯನ ಮೊರೆಗೆ ಒಬ್ಬ ವೈದ್ಯ ಕಿವಿಗೊಟ್ಟ ಸಂಗತಿ ಸಾವಿರ ವರ್ಷ ಉಳಿದು ಬಂದಿದೆ. ತಮ್ಮ ವಿದ್ಯೆಯನ್ನು ಇತರರ ನೋವು ಕಡಿಮೆ ಮಾಡಲು ಬಳಸುವವರ ಸಾಲಿಗೆ ನಮ್ಮನ್ನೂ ನಮ್ಮ ಮಕ್ಕಳನ್ನೂ ಅಲ್ಲಾಹನು ಸೇರಿಸಲಿ.